ನಡುಮನೆಯ ಮೊಳೆ

ಹನ್ನೊಂದನೆಯ ಕಂತು

ಯಂತ್ರ ಮತ್ತೆ ಅದೇ ಜಾಗದಲ್ಲಿ ಬಾಯಿ ಮುಚ್ಚಿತು.

ರಮಾ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ನಿಂತಿದ್ದಳು. ನಿದ್ದೆಯಲ್ಲ, ತಲೆನೋವು. ಕಿವಿ ಮಾತ್ರ ತೆರೆದಿತ್ತು. ವಿರೂಪಾಕ್ಷನ ಮೆಟಲ್ ಡಿಟೆಕ್ಟರ್ ಸಣ್ಣಗೆ ಗುಂಯ್‌ಗುಡುತ್ತ ನಡುಮನೆಯ ನೆಲದ ಮೇಲೆ ಎಡಕ್ಕೂ ಬಲಕ್ಕೂ ತೂಗಾಡುತ್ತಿತ್ತು. ಕಂಬದಿಂದ ನಾಲ್ಕು ಹೆಜ್ಜೆ ಆಚೆ ಬಂದಾಗ ಆ ಗುಂಯ್ ಅನ್ನುವುದು ಒಂದು ಕ್ಷಣ ನಿಂತು ಮತ್ತೆ ಶುರುವಾಗುತ್ತಿತ್ತು. ಇದು ಮೂರನೇ ಸಲ.

ಅಲ್ಲೇನು ಎಂದು ಕೇಳಿದಳು.

"ಏನಿಲ್ರಿ ಅಕ್ಕಾರ, ಕಬ್ಬಿಣ ಐತಿ," ಎಂದ ವಿರೂಪಾಕ್ಷ, ತಲೆಯೆತ್ತದೆ. "ಕಬ್ಬಿಣ ಬ್ಯಾಡ ಅಂತ ಮಷೀನಿಗೆ ಮೊದ್ಲ ಹೇಳಿಟ್ಟೀನಿ. ಅದಕ್ಕ ಅದು ಕಬ್ಬಿಣ ಕಂಡ ಕೂಡ್ಲೆ ಸುಮ್ನಾಗತೈತಿ."

ಗದಗ ಕಡೆಯವನು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ವಾರಪೂರ್ತಿ ಬೋಲ್ಟುಗಳ ಅಳತೆ ನೋಡಿ, ಭಾನುವಾರ ಬಂತೆಂದರೆ ಯಂತ್ರ ಹೆಗಲಿಗೇರಿಸಿಕೊಂಡು ಪಾಳುಬಿದ್ದ ಮನೆಗಳ ಹಿತ್ತಲು ಸುತ್ತುವುದು ಅವನ ಹುಚ್ಚು. ಅವನ ಕೆಲಸದ ರೀತಿಯೇ ಹಾಗೆ. ಹಳೇ ಮನೆಯೆಂದರೆ ಹೆಂಚಿನ ಕೆಳಗಿನ ಮೊಳೆ, ಕೊಂಡಿ, ಅಗುಳಿ, ಎತ್ತಿನ ಲಾಳ, ಎಲ್ಲೆಲ್ಲೂ ಕಬ್ಬಿಣವೇ. ಅದಕ್ಕೆಲ್ಲ ಅಗೆಯುತ್ತ ಕೂತರೆ ಒಂದು ಕಾಸು ಸಿಗುವಷ್ಟರಲ್ಲಿ ಆಯುಸ್ಸು ಮುಗಿಯುತ್ತದೆ ಅನ್ನುವುದು ಅವನ ಲೆಕ್ಕ.

ರಮಾಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವಳಿಗೂ ತಿಳಿಯಲಿಲ್ಲ.

ನಾಲ್ಕು ಭಾನುವಾರ. ನಾಲ್ಕೂ ಭಾನುವಾರ ಕೊಡಿಗೇಹಳ್ಳಿಯ ಈ ಪಾಳುಮನೆಯ ದೂಳು ಕುಡಿದದ್ದಾಯಿತು. ಸಿಕ್ಕಿದ್ದೆಲ್ಲ ಜಗಲಿಯ ಮೇಲೆ ಹಳೇ ಪೇಪರಿನಲ್ಲಿ ಸಾಲಾಗಿ ಕೂತಿತ್ತು. ತೂತು ಕಾಸುಗಳು, ಕುದುರೆ ಚಿತ್ರದ ಒಂದು ಪೈಸೆ, ಅಂಚು ಅಲೆಅಲೆಯಾದ ಹತ್ತು ಪೈಸೆಗಳು, ಒಡೆದುಹೋದ ದನದ ಗಂಟೆ, ಒಂದು ಹಿತ್ತಾಳೆ ಗುಂಡಿ, ಮತ್ತೆ ಸೋಡಾ ಬಾಟಲಿಯ ಮುಚ್ಚಳಗಳು, ಅವು ಎಷ್ಟೋ. ವಿರೂಪಾಕ್ಷನಿಗೆ ಒಂದೊಂದೂ ಹಬ್ಬ. ಉಗುರಿನಿಂದ ಮಣ್ಣು ಕೆರೆದು, ಉಗುಳು ಹಚ್ಚಿ ಉಜ್ಜಿ, ಇಸವಿ ಓದಿ ಹೇಳುತ್ತಿದ್ದ. ರಮಾಳಿಗೆ ಬೇಕಾಗಿದ್ದ ಇಸವಿ ಒಂದೇ.

ಒಂಬತ್ತು ವರ್ಷದ ಹಿಂದೆ, ಕಾಲ್ನಡಿಗೆಯಲ್ಲಿ ತಿರುಪತಿಗೆ ಹೊರಟ ಈ ಮನೆಯ ಹಿರಿಮಗ ಆವಲಪ್ಪ ತಿರುಗಿ ಬರಲಿಲ್ಲ. ಎರಡು ತಿಂಗಳ ಹಿಂದೆ ಇಲ್ಲೇ ಹಿತ್ತಲಲ್ಲಿ ವಿರೂಪಾಕ್ಷನ ಯಂತ್ರಕ್ಕೆ ಅವನ ಹೆಸರು ಕೊರೆದ ಬೆಳ್ಳಿ ಉಂಗುರ ಸಿಕ್ಕಿತು.

ಆ ಉಂಗುರವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಆರ್.ಟಿ. ನಗರದ ಜೆರಾಕ್ಸ್ ಅಂಗಡಿಯ ಮೇಲಿನ ರಮಾಳ ಆಫೀಸಿಗೆ ಬಂದವಳು ಆವಲಪ್ಪನ ಹೆಂಡತಿ ಮುನಿಕೃಷ್ಣಮ್ಮ. ಕೊಡಿಗೇಹಳ್ಳಿ ಗೇಟಿನ ಹತ್ತಿರ ಹೂವು ಕಟ್ಟಿ ಮಾರುವ ಹೆಂಗಸು. ಮದುವೆ ಗಂಡುಗಳು ಕುಡಿಯುತ್ತಾರಾ, ಸಾಲ ಇದೆಯಾ ಎಂದು ವಿಚಾರಿಸಿ ಕೊಡುವುದೇ ಕಸುಬಾಗಿಬಿಟ್ಟಿದ್ದ ರಮಾ ಆ ದಿನ ತನ್ನನ್ನು ನಿಜವಾದ ಪತ್ತೇದಾರಳೆಂದು ನಂಬಿದ್ದಳು. ಮುನಿಕೃಷ್ಣಮ್ಮ ಹೆಚ್ಚು ಮಾತಾಡಿರಲಿಲ್ಲ. ಹೊರಟಾಗ ಉಂಗುರ ಬೆರಳಲ್ಲೇ ಇತ್ತು ಎಂದಳು. ಅದನ್ನೇ ಎರಡು ಸಲ ಹೇಳಿದಳು. ಆಮೇಲೆ, ಇದ್ದಾರಾ ಇಲ್ಲವಾ ಅಷ್ಟು ಹೇಳಿಬಿಡಿ, ಸಾಕು ಎಂದಳು.

ಅವಳ ಕಷ್ಟ ಬೇರೆ ತರದ್ದು. ಒಂಬತ್ತು ವರ್ಷದಿಂದ ಅವಳು ಮುತ್ತೈದೆಯೂ ಅಲ್ಲ, ಅಲ್ಲವೆನ್ನುವಂತೆಯೂ ಇಲ್ಲ. ಅರಿಶಿನ ಕುಂಕುಮದ ತಟ್ಟೆ ಹಿಡಿದವರು ಅವಳ ಮುಂದೆ ಬಂದಾಗ ಒಂದು ಗಳಿಗೆ ತಡೆಯುತ್ತಾರೆ. ಮದುವೆಗೆ ಅವಳಿಂದ ಹೂವು ತರಿಸುತ್ತಾರೆ, ಅವಳನ್ನು ಕರೆಯುವುದಿಲ್ಲ. ಗಂಡ ಸತ್ತಿದ್ದರೆ ಅವನಿಗೆ ಒಂದು ಹಿಡಿ ಅನ್ನ ಇಟ್ಟವರಿಲ್ಲ. ಬದುಕಿದ್ದರೆ, ಬದುಕಿರುವವನ ಹೆಸರಿನ ಕುಂಕುಮ ಅಳಿಸಿದರೆ ಪಾಪ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ಕುಂಕುಮ ಇಡಲೋ ಬೇಡವೋ ಎಂದು ನಿಲ್ಲುತ್ತೇನೆ ಎಂದು ಹೇಳಿಕೊಂಡಿದ್ದಳು.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಇಲ್ಲಿಗೆ ಜೆಸಿಬಿ ಬರುತ್ತದೆ. ಆವಲಪ್ಪನ ತಮ್ಮ ಮುನಿರಾಜು ಜಾಗವನ್ನು ಬಿಲ್ಡರಿಗೆ ಒಪ್ಪಿಸಿಯಾಗಿದೆ. ಮಧ್ಯಾಹ್ನದ ಹೊತ್ತಿಗೆ ಈ ನೆಲವೆಲ್ಲ ಲಾರಿ ಹತ್ತಿ ಯಾವುದೋ ಹಳ್ಳ ತುಂಬಲು ಹೋಗಿರುತ್ತದೆ.

ಫೋನು ನಡುಗಿತು. ಮಗಳು ಕೀರ್ತಿ. ಚಾರ್ಟ್ ಪೇಪರ್ ತಂದೆಯಾ, ಗೋಂದು ಖಾಲಿ, ನಾಳೆಯೇ ಕೊಡಬೇಕು. ಮೆಸೇಜು ಬಂದಿದ್ದು ಇದು ನಾಲ್ಕನೇ ಸಲ. ರಮಾ ಫೋನು ಚೀಲಕ್ಕೆ ತುರುಕಿದಳು.

"ಆ ಕಬ್ಬಿಣ ನೋಡೋಣ," ಎಂದಳು.

ವಿರೂಪಾಕ್ಷ ನಕ್ಕ. ಕಬ್ಬಿಣ ನೋಡೋದಿದ್ದರೆ ಗುಜರಿ ಅಂಗಡಿಗೆ ಹೋಗಬಹುದಿತ್ತಲ್ಲ, ಇಷ್ಟು ದೂರ ಯಾಕೆ ಬರಬೇಕಿತ್ತು ಎಂದ.

ರಮಾ ನಗಲಿಲ್ಲ. ಹಿತ್ತಲಲ್ಲಿ ಕಬ್ಬಿಣ ಇರುವುದು ಸರಿ. ಹೆಂಚು ಬಿದ್ದ ಕಡೆ ಮೊಳೆ ಬಿದ್ದಿರುವುದೂ ಸರಿ. ಆದರೆ ನಡುಮನೆಯ ಈ ಭಾಗದ ಮಾಡು ಇನ್ನೂ ಬಿದ್ದಿಲ್ಲ. ಕೆಳಗೆ ಇರುವುದು ಮಣ್ಣೂ ಅಲ್ಲ, ತಿಕ್ಕಿ ನುಣುಪು ಮಾಡಿದ ಕೆಂಪು ಗಾರೆಯ ನೆಲ. ಅದರ ನಟ್ಟನಡುವೆ ಕಬ್ಬಿಣ ಯಾಕೆ ಬಂತು?

ಅವನು ನಿಟ್ಟುಸಿರಿಟ್ಟು ಯಂತ್ರದ ಹಿಡಿಕೆಯಲ್ಲಿ ಏನೋ ಒತ್ತಿದ. ಸುಮ್ಮನಿರು ಎಂದು ಅದಕ್ಕೆ ಹೇಳಿದ್ದ ಮಾತನ್ನು ಹಿಂದಕ್ಕೆ ತೆಗೆದುಕೊಂಡ. ತಳದ ತಟ್ಟೆ ಆ ಜಾಗದ ಮೇಲೆ ಬಂದದ್ದೇ, ಯಂತ್ರ ಕಪ್ಪೆಯ ಹಾಗೆ ದಪ್ಪ ದನಿಯಲ್ಲಿ ವಟಗುಟ್ಟಿತು. ಒಂದೇ ಕಡೆ. ಅಂಗೈಯಗಲದ ಜಾಗದಲ್ಲಿ.

ರಮಾ ಮೂಲೆಯಲ್ಲಿದ್ದ ಮೋಟು ಪೊರಕೆಯಿಂದ ದೂಳು ಸರಿಸಿದಳು. ಬಾವಲಿಯ ಹಿಕ್ಕೆ, ಹೆಂಚಿನ ಚೂರು, ಒಂದು ಹಳೇ ಕ್ಯಾಲೆಂಡರಿನ ಹಾಳೆ. ಅದರ ಕೆಳಗೆ ಕೆಂಪು ನೆಲ. ಅದರಲ್ಲಿ, ನೆಲದ ಮಟ್ಟಕ್ಕೆ ಕೂತ ಒಂದು ಕಪ್ಪು ಬಿಲ್ಲೆ, ಎಂಟಾಣೆ ಅಗಲ.

ಕಾಸಲ್ಲ. ಮೊಳೆಯ ತಲೆ. ಕುಲುಮೆಯಲ್ಲಿ ಬಡಿದು ಮಾಡಿದ ಹಳೇ ಕಾಲದ ಮೊಳೆ. ಅದರ ಸುತ್ತ ನೆಲ ಜೇಡರ ಬಲೆಯ ಹಾಗೆ ಸೀಳಿಕೊಂಡಿತ್ತು.

"ಇದಕ್ಕೇನ್ರಿ ಮಾಡೋದು," ಎಂದ ವಿರೂಪಾಕ್ಷ. ಅವನ ಮುಖದಲ್ಲಿ, ಕಾಸು ಸಿಗದ ಭಾನುವಾರದ ಬೇಸರವಿತ್ತು.

ಬಾಗಿಲ ಕಡೆಯಿಂದ ಉತ್ತರ ಬಂತು.

ಯಶವಂತಪುರದ ಹಳೇ ಮರದ ವ್ಯಾಪಾರಿ ಜಹೀರ್, ಬೆಳಿಗ್ಗೆಯಿಂದ ಇಬ್ಬರು ಆಳುಗಳನ್ನು ಇಟ್ಟುಕೊಂಡು ಮುಂಬಾಗಿಲಿನ ಚೌಕಟ್ಟು ಬಿಡಿಸುತ್ತಿದ್ದ. ಬಾಗಿಲು, ಕಂಬ, ತೊಲೆ ಎಲ್ಲ ಅವನೇ ಕೊಂಡಿದ್ದ. ನೀರು ಕುಡಿಯಲು ಒಳಗೆ ಬಂದವನು ನೆಲ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಚಪ್ಪಲಿ ಬಿಟ್ಟ. ಆಳುಗಳಿಗೆ ಹಾರೆ ಕೆಳಗಿಡಿ ಎಂದು ಸನ್ನೆ ಮಾಡಿದ.

"ಕೈ ಹಾಕಬೇಡಿ ಮೇಡಂ. ಇದು ಮನೆ ಕಟ್ಟೋರು ಹೊಡೆದ ಮೊಳೆ ಅಲ್ಲ. ಸತ್ತ ಜಾಗದ ಮೊಳೆ."

ರಮಾ ಹುಬ್ಬು ಗಂಟಿಕ್ಕಿದಳು. ಅವಳು ಹುಟ್ಟಿ ಬೆಳೆದದ್ದು ಕ್ವಾರ್ಟರ್ಸಿನಲ್ಲಿ. ಅಲ್ಲಿ ಸಾವು ಎಂದರೆ ಆಸ್ಪತ್ರೆ, ಆಂಬುಲೆನ್ಸು. ಜಹೀರನೇ ಬಿಡಿಸಿ ಹೇಳಿದ. ಜಕ್ಕೂರಿನಿಂದ ಜಾಲಹಳ್ಳಿಯವರೆಗೆ ಮೂವತ್ತು ವರ್ಷದಿಂದ ಹಳೇ ಮನೆ ಬಿಚ್ಚುತ್ತಿದ್ದಾನೆ. ನೆಲ ಗುಡಿಸಿ ನೋಡದೆ ಆಳುಗಳು ಹಾರೆ ಹಾಕುವುದಿಲ್ಲ. ಕೆಟ್ಟ ನಕ್ಷತ್ರದಲ್ಲಿ ಮನೆಯೊಳಗೆ ಜೀವ ಹೋದರೆ, ತಲೆ ಇದ್ದ ಕಡೆ ಕಬ್ಬಿಣದ ಮೊಳೆ ಹೊಡೆಯುತ್ತಾರೆ, ಹೋದವರು ತಿರುಗಿ ಬರಬಾರದು, ಇರುವವರನ್ನು ಕರೆಯಬಾರದು ಎಂದು. ಆಮೇಲೆ ಮನೆಗೆ ಬೀಗ. ಮೂರು ತಿಂಗಳೋ ಆರು ತಿಂಗಳೋ ಯಾರೂ ಒಳಗೆ ಕಾಲಿಡುವುದಿಲ್ಲ. ಇಂಥ ಮೊಳೆ ಕಂಡರೆ ಅವನ ಆಳುಗಳು ನಿಂಬೆಹಣ್ಣು, ತೆಂಗಿನಕಾಯಿ ತಂದುಕೊಟ್ಟ ಮೇಲೇ ಕೆಲಸ ಮುಟ್ಟುವುದು.

"ಯಾರು ಸತ್ತರೂ ಹೊಡೀತಾರಾ?"

"ಇಲ್ಲ ಮೇಡಂ. ನಕ್ಷತ್ರ ಕೆಟ್ಟಿದ್ರೆ ಮಾತ್ರ."

"ನಕ್ಷತ್ರ ಕೆಟ್ಟಿತ್ತು ಅಂತ ಗೊತ್ತಾಗೋದು ಹೇಗೆ?"

"ಪ್ರಾಣ ಹೋದ ಟೈಮು ಗೊತ್ತಿದ್ರೆ ಪಂಚಾಂಗ ನೋಡಿ ಹೇಳ್ತಾರೆ. ಟೈಮು ಗೊತ್ತಿಲ್ಲದೋನಿಗೆ ನಕ್ಷತ್ರ ಎಲ್ಲಿಂದ ಬರುತ್ತೆ?"

ರಮಾ ಮಂಡಿಯೂರಿ ಕೂತಳು. ತಲೆನೋವು ಎಲ್ಲಿ ಹೋಯಿತೋ.

ಜಹೀರ್ ಇನ್ನೊಂದು ಮಾತು ಹೇಳಿದ. ಆ ಬಿರುಕುಗಳನ್ನು ನೋಡಿ ಎಂದ. ನೆಲ ಹಾಕುವಾಗಲೇ ಮೊಳೆ ಇದ್ದಿದ್ದರೆ ಗಾರೆ ಅದರ ಸುತ್ತ ನೀಟಾಗಿ ಕೂರುತ್ತಿತ್ತು. ಇದು ನೆಲ ಒಣಗಿ ಕಲ್ಲಾದ ಮೇಲೆ ಹೊಡೆದದ್ದು. ಅದಕ್ಕೇ ಸೀಳಿದೆ.

ಅವಳು ಚೀಲದಲ್ಲಿ ತಡಕಿದಾಗ ಕೀರ್ತಿಯ ಸ್ಕೇಲು ಸಿಕ್ಕಿತು. ಮೊಳೆಯ ಪಕ್ಕದಲ್ಲಿಟ್ಟು ಏಳೆಂಟು ಫೋಟೋ ತೆಗೆದಳು. ಕೈ ಕೆಲಸ ಮಾಡುತ್ತಿದ್ದಾಗ ತಲೆ ಬೇರೆ ಕಡೆ ಓಡುತ್ತಿತ್ತು.

ಒಂದು ಸಾವನ್ನು ಮುಚ್ಚಿಡುವವರು ಎಲ್ಲರಿಂದಲೂ ಮುಚ್ಚಿಡುತ್ತಾರೆ. ಪೊಲೀಸರಿಂದ, ನೆಂಟರಿಂದ, ಬೀದಿಯವರಿಂದ. ತಿರುಪತಿಯ ಕತೆ ಕಟ್ಟುತ್ತಾರೆ. ಆದರೆ ಈ ಮನೆಯವರು ನಕ್ಷತ್ರದಿಂದ ಮುಚ್ಚಿಡಲಾರದೆ ಹೋದರು. ಸಿಕ್ಕಿಬೀಳುವ ಭಯಕ್ಕಿಂತ, ಸತ್ತವನು ಎದ್ದು ಬಂದಾನು ಎಂಬ ಭಯ ದೊಡ್ಡದಾಯಿತು. ಪ್ರಾಣ ಹೋದ ಗಳಿಗೆ ಗೊತ್ತಿದ್ದ ಯಾರೋ ಪಂಚಾಂಗ ನೋಡಿ, ಮೊಳೆ ಹುಡುಕಿ, ಸುತ್ತಿಗೆ ಎತ್ತಿ, ಗಟ್ಟಿ ನೆಲ ಸೀಳುವಂತೆ ಹೊಡೆದು, ಇಲ್ಲಿ ಒಂದು ಜೀವ ಹೋಯಿತು ಎಂದು ತಾವೇ ಸಹಿ ಹಾಕಿದ್ದರು.

ಅದನ್ನು ನಾಲ್ಕು ವಾರ ಅವಳು ತುಳಿದುಕೊಂಡು ಓಡಾಡಿದ್ದಳು. ಯಂತ್ರ ಪ್ರತಿಸಲವೂ ಸುಮ್ಮನಾಗಿಯೇ ಹೇಳಿತ್ತು. ಬಾಯಿ ಬಿಡಬೇಡ ಎಂದು ಅದಕ್ಕೆ ಮೊದಲೇ ಅಪ್ಪಣೆಯಾಗಿತ್ತು.

ಅವಳು ಠಾಣೆಗೆ ಫೋನು ಮಾಡಿದಳು. ಹನ್ನೆರಡು ಸಲ ರಿಂಗಾದ ಮೇಲೆ ಎತ್ತಿದವರು ಎಲ್ಲ ಕೇಳಿಸಿಕೊಂಡರು. ಅತ್ತ ಕಡೆ ಯಾರೋ ಟೀ ಹೀರುವ ಸದ್ದೂ ಕೇಳಿಸಿತು. ಮೊಳೆ ಅಂದರೆ ಹೆಣ ಅಲ್ಲವಲ್ಲ ಮೇಡಂ, ಹಳೇ ಮನೆಯಲ್ಲಿ ಮೊಳೆ ಇರದೆ ಇನ್ನೇನಿರುತ್ತದೆ, ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ, ನಾಳೆ ಹನ್ನೊಂದಕ್ಕೆ ಬನ್ನಿ ಎಂದರು. ನಾಳೆ ಹನ್ನೊಂದಕ್ಕೆ ಇಲ್ಲಿ ಮನೆಯೇ ಇರುವುದಿಲ್ಲ ಎಂದಳು. ಹಾಗಾದರೆ ಇವತ್ತೇ ಒಂದು ಅರ್ಜಿ ಬರೆದು ಕೊಟ್ಟುಹೋಗಿ ಎಂದು ಫೋನಿಟ್ಟರು.

ವಿರೂಪಾಕ್ಷ ಯಂತ್ರವನ್ನು ಬಿಚ್ಚಿ ಚೀಲಕ್ಕೆ ತುಂಬತೊಡಗಿದ. ಪೊಲೀಸು ಎಂಬ ಮಾತು ಬಂದರೆ ಅವನಿಗೆ ಬೆವರು. ಮೊದಲೇ ಓಣಿಯ ಜನ ಅವನನ್ನು ನಿಧಿ ತೆಗೆಯುವವನು ಎಂದು ಕರೆಯುತ್ತಿದ್ದರು.

ಅಷ್ಟರಲ್ಲಿ ಓಣಿಯಲ್ಲಿ ಬುಲೆಟ್ ಬಂದು ನಿಂತ ಸದ್ದಾಯಿತು. ಕೆಲಸ ನಿಂತಿದೆ ಎಂದು ಆಳುಗಳು ಸುದ್ದಿ ಮುಟ್ಟಿಸಿದ್ದರು.

ಮುನಿರಾಜು ಒಳಗೆ ಬಂದ. ನಲವತ್ತೈದರ ಆಳು, ಬಿಳೀ ಷರ್ಟು, ಹಣೆಯಲ್ಲಿ ಬೆಳಗಿನ ಪೂಜೆಯ ಕುಂಕುಮ. ರಮಾಳನ್ನು ಕಂಡರೆ ಅವನಿಗೆ ಆಗದು. ಆದರೂ ಮೇಡಂ ಎನ್ನುವುದನ್ನು ಬಿಟ್ಟವನಲ್ಲ.

"ಏನ್ ಮೇಡಂ, ನಿಧಿ ಸಿಕ್ತಂತೆ."

ರಮಾ ಎದ್ದು ಪಕ್ಕಕ್ಕೆ ಸರಿದು ಮೊಳೆ ತೋರಿಸಿದಳು.

ಅವನು ನೋಡಿದ. ಮುಖ ಬಿಗಿಯಿತು, ಆಮೇಲೆ ಸಡಿಲವಾಯಿತು. ಎರಡೂ ಕೈ ಮುಗಿದ.

"ನಮ್ಮಪ್ಪುಂದು. ಮುನಿವೆಂಕಟಯ್ಯ ಅಂತ. ಇಲ್ಲೇ ಪ್ರಾಣ ಬಿಟ್ಟಿದ್ದು. ಇಂಗ್ ಬನ್ನಿ ಈಚೆಗೆ, ತುಳೀಬಾರ್ದು."

ಯಾವ ವರ್ಷ ಎಂದು ಕೇಳಿದಳು. ತೊಂಬತ್ತೊಂಬತ್ತು ಎಂದ.

"ಚೆನ್ನಾಗಿದೆ ನೆಲ. ಯಾರು ಹಾಕಿಸಿದ್ದು?"

"ನಾನೇ. ನನ್ ಮದ್ವೇಗೆ, ಎರಡ್ ಸಾವಿರದ ಅನ್ನೊಂದ್ರಲ್ಲಿ. ಮೊದ್ಲು ಸಗಣಿ ನೆಲ. ಮೇಸ್ತ್ರಿ ನಾಕ್ ದಿನ ಕುಂತು ತಿಕ್ಕಿ ತಿಕ್ಕಿ..."

ಮಾತು ಅಲ್ಲೇ ನಿಂತಿತು. ಮೇಲೆ ಒಂದು ವಿಮಾನ ಇಳಿಯುವ ಸದ್ದು ಬಂತು, ಹೆಂಚುಗಳು ಅದುರಿ ಸುಮ್ಮನಾದವು.

"ಅಪ್ಪ ಹೋಗಿ ಹನ್ನೆರಡು ವರ್ಷ ಆದ ಮೇಲೆ ನೆಲ ಬಂತು," ಎಂದಳು ರಮಾ. "ನೆಲ ಒಣಗಿದ ಮೇಲೆ ಮೊಳೆ ಬಂತು. ಈಗ ಹೇಳಿ, ಯಾರದ್ದು?"

ಅವನು ಜಹೀರನ ಕಡೆ ನೋಡಿದ. ಜಹೀರ್ ಬಾಗಿಲ ಚೌಕಟ್ಟಿನ ಕಡೆ ನೋಡಿದ.

ರಮಾ ಬಿಡಲಿಲ್ಲ. ವಾರಗಟ್ಟಲೆ ಜನನ ಮರಣದ ಪುಸ್ತಕ ತಿರುವಿ ಹಾಕಿದ್ದಳು. ಆ ನೆಲ ಬಂದ ಮೇಲೆ ಈ ಮನೆಯ ವಿಳಾಸದಲ್ಲಿ ಒಂದು ಸಾವೂ ದಾಖಲಾಗಿಲ್ಲ. ಅವರ ತಾಯಿ ಬೈರಮ್ಮ ತೀರಿಕೊಂಡದ್ದು ನಾಲ್ಕು ವರ್ಷದ ಹಿಂದೆ, ರಸ್ತೆ ಬದಿಯ ಹೊಸ ಮನೆಯಲ್ಲಿ. ಒಂದೊಂದನ್ನೂ ಅವನ ಮುಂದೆ ಇಟ್ಟಳು.

"ಇನ್ನೊಂದು. ಈ ಮನೆ ಬಿಟ್ಟಿದ್ದು ಆಷಾಢದಲ್ಲಿ. ನಿಮ್ಮಣ್ಣ ತಿರುಪತಿಗೆ ಹೋದ ಅನ್ನೋ ಅದೇ ವಾರ. ನಿಮ್ಮ ಕಡೆ ಆಷಾಢದಲ್ಲಿ ಒಂದು ಮಡಕೆ ಆದರೂ ಆಚೆ ಮನೆಗೆ ಸಾಗಿಸ್ತಾರಾ?"

"ಸೋರ್ತಿತ್ತು ಮನೆ."

"ಇಡೀ ಓಣಿ ಸೋರ್ತಿತ್ತು. ಹೊಸ ಮನೆಗೆ ಆವಾಗ ಬಾಗಿಲೂ ಕೂರಿಸಿರಲಿಲ್ಲ. ಸೋರೋ ಮನೆ ಬಿಟ್ಟು ಬಾಗಿಲಿಲ್ಲದ ಮನೆಗೆ ಹೋದಿರಿ. ಆಷಾಢ ಅನ್ನೋದನ್ನೂ ನೋಡದೆ ಮನೆ ಬಿಡಬೇಕಾದ ಕಾರಣ ನಿಮ್ಮಲ್ಲಿ ಒಂದೇ."

ಮುನಿರಾಜು ಅಲ್ಲಿದ್ದ ಒರಳುಕಲ್ಲಿನ ಮೇಲೆ ಕೂತ. ಬಿಳೀ ಷರ್ಟಿಗೆ ದೂಳು ಮೆತ್ತಿದ್ದನ್ನು ನೋಡಿಕೊಳ್ಳಲಿಲ್ಲ.

ಅವನು ಹೇಳಿದ್ದು ಇಷ್ಟು. ಆ ವಾರ ಅವನು ಊರಲ್ಲೇ ಇರಲಿಲ್ಲ. ಮಾಕಳಿಯ ಹಾಲೋಬ್ಲಾಕ್ ಇಟ್ಟಿಗೆ ಮಾಡುವಲ್ಲಿ ಲೋಡಿಂಗ್ ಉಸ್ತುವಾರಿಗೆ ಹೋಗಿ ಅಲ್ಲೇ ಮಲಗುತ್ತಿದ್ದ. ಹೆಂಡತಿ ತವರಿನಲ್ಲಿದ್ದಳು. ಶನಿವಾರ ಬಂದು ನೋಡಿದರೆ ಹಳೇ ಮನೆಗೆ ಬೀಗ. ಪಾತ್ರೆ ಪಗಡ ಎಲ್ಲ ಗಿಲಾವು ಕಾಣದ ಹೊಸ ಮನೆಯಲ್ಲಿ ರಾಶಿ. ಅವ್ವ ಅವನ ಕೈ ಹಿಡಿದು, ಆರು ತಿಂಗಳು ಆ ಹೊಸಿಲು ದಾಟಬೇಡ ಎಂದು ಆಣೆ ಹಾಕಿಸಿಕೊಂಡಳು. ಅತ್ತಿಗೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅಣ್ಣ ಎಲ್ಲಿ ಎಂದದ್ದಕ್ಕೆ ತಿರುಪತಿ ಎಂದರು.

ಮಾಕಳಿಯ ವಿಚಾರ ಸುಳ್ಳಲ್ಲ. ಅದನ್ನು ರಮಾ ಆಗಲೇ ಹೋಗಿ ವಿಚಾರಿಸಿ ಬಂದಿದ್ದಳು. ಆ ವಾರದ ಪ್ರತಿ ರಾತ್ರಿಗೂ ಅವನಿಗೆ ಸಾಕ್ಷಿ ಇತ್ತು. ಅದೇ ಅವಳನ್ನು ಇಷ್ಟು ದಿನ ಉರಿಸಿದ್ದು.

"ಆಷಾಢದಲ್ಲಿ ಮನೆ ಬಿಟ್ಟಿದಾರೆ. ಬೀಗ ಹಾಕಿದಾರೆ. ಆರು ತಿಂಗಳು ಅಂದಿದಾರೆ. ನಿಮಗೆ ಅರ್ಥ ಆಗದೆ ಇರೋ ಮಾತಾ ಇದು? ಯಾಕೆ ಅಂತ ನೀವು ಕೇಳಲಿಲ್ಲ."

ಅವನು ಮೊಳೆಯನ್ನು ನೋಡುತ್ತಲೇ ಹೇಳಿದ.

"ಕೇಳಿದ್ರೆ ಎಲ್ಲಿ ಯೋಳ್ಬಿಡ್ತಾರೋ ಅಂತ ಕೇಳ್ಲಿಲ್ಲ ಮೇಡಂ."

ಒಂಬತ್ತು ವರ್ಷದಲ್ಲಿ ಅವನು ಆಡಿದ ಮೊದಲ ನಿಜ ಇದಿರಬಹುದು ಎನ್ನಿಸಿತು ರಮಾಳಿಗೆ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನಾಲ್ಕು ವಾರದಿಂದ ಇವನೇ ಎಂದುಕೊಂಡು ಬೆನ್ನು ಹತ್ತಿದ್ದಳು. ಈಗ ಅವನು ಕಣ್ಣೆದುರಿಗೇ, ತಪ್ಪು ಮಾಡಿದವನ ಜಾಗದಿಂದ ಎದ್ದು, ನೋಡದ ಹಾಗೆ ಮುಖ ತಿರುಗಿಸಿಕೊಂಡವನ ಜಾಗಕ್ಕೆ ಹೋಗಿ ಕೂತುಬಿಟ್ಟಿದ್ದ. ಮೊಳೆ ಹೊಡೆದ ಕೈ ಬೈರಮ್ಮನದಾಗಿದ್ದರೆ, ಆ ಮುದುಕಿ ಸತ್ತು ನಾಲ್ಕು ವರ್ಷ. ಅವಳನ್ನು ಯಾರು ಕೇಳಬೇಕು?

ಮುನಿರಾಜು ಮಾತ್ರ ಹಗುರಾದವನಂತೆ ಎದ್ದ. ಕಣ್ಣು ಒರೆಸಿಕೊಂಡು, ಪ್ಯಾಂಟಿನ ದೂಳು ಕೊಡವಿ, ನೀವು ಒಳ್ಳೇ ಕೆಲಸ ಮಾಡಿದಿರಿ ಎಂದ. ಅನುಮಾನದಲ್ಲಿ ಬದುಕುವುದಕ್ಕಿಂತ ಇದೇ ವಾಸಿ ಎಂದ. ಅಲ್ಲೇ ನಿಂತು ಜೆಸಿಬಿಯವನಿಗೆ ಫೋನು ಮಾಡಿ ಎರಡು ವಾರ ಬರಬೇಡ ಎಂದು ಹೇಳಿದ. ಯಾವುದಕ್ಕಾಗಿ ಅವಳು ವಾರದಿಂದ ಠಾಣೆ, ತಾಲ್ಲೂಕು ಕಚೇರಿ, ವಕೀಲರು ಎಂದು ಫೋನಿನಲ್ಲಿ ಗೋಗರೆದಿದ್ದಳೋ ಅದು ಎರಡು ನಿಮಿಷದಲ್ಲಿ ಆಗಿಹೋಯಿತು. ಅದಕ್ಕೂ ಅವಳಿಗೆ ಸಿಟ್ಟೇ ಬಂತು.

ಅವನು ಬಾಗಿಲಿಗೆ ಹೋಗಿ ಅತ್ತಿಗೆಯನ್ನು ಕರೆದ.

ಮುನಿಕೃಷ್ಣಮ್ಮ ಈ ನಾಲ್ಕು ಭಾನುವಾರವೂ ಬಂದಿದ್ದಳು. ಒಮ್ಮೆಯೂ ಒಳಗೆ ಬಂದಿರಲಿಲ್ಲ. ಬೀದಿಯ ಬೇವಿನ ಮರದ ಕೆಳಗೆ ಕೂತು ಕನಕಾಂಬರ ಕಟ್ಟುತ್ತ, ಅವರು ಹೊರಗೆ ಬರುವವರೆಗೂ ಕಾಯುತ್ತಿದ್ದಳು. ಗಂಡನ ನೆನಪು, ಒಳಗೆ ಕಾಲಿಡಲಾರಳು ಎಂದು ರಮಾ ತಿಳಿದಿದ್ದಳು.

ಇವತ್ತು ಬಂದಳು. ಬುಟ್ಟಿಯನ್ನು ಜಗಲಿಯ ಮೇಲಿಟ್ಟು, ಚೌಕಟ್ಟು ಕಿತ್ತ ಬಾಗಿಲಿನ ಬಾಯಿಯಲ್ಲಿ ನಿಂತಳು.

ಮುನಿರಾಜು ಅವಳ ಮುಂದೆ ತಲೆ ತಗ್ಗಿಸಿದ.

"ಅತ್ತಿಗೆ, ಅಣ್ಣ ಎಲ್ಲೂ ಓಗಿಲ್ಲ. ಇಲ್ಲೇ ಓಗಿರೋದು. ಅವ್ವ ನಮ್ಗ್ಯಾರ್ಗೂ ಯೋಳ್ದೆ ಮುಚ್ಬಿಟ್ಲು. ಒಂಬತ್ತು ವರ್ಷ ನೀವು ಬೆಂದಿದ್ದು ಸಾಕು. ಪುರೋಹಿತ್ರನ್ನ ಕರ್ಸಿ ಅಣ್ಣುಂಗೆ ಕಾರ್ಯ ಮಾಡ್ಸೋಣ. ನೀವು... ನೀವು ಆ ಕುಂಕುಮ ತೆಗ್ದುಬಿಡಿ."

ಆಮೇಲೆ ರಮಾಳ ಕಡೆ ತಿರುಗಿ, ನೀವೇ ಹೇಳಿ ಮೇಡಂ, ನನ್ನ ಮಾತು ನಂಬಲ್ಲ ಎಂದ.

ಎರಡು ತಿಂಗಳಿಂದ ರಮಾ ಈ ಹೆಂಗಸಿಗೆ ಕೊಡಬೇಕಾಗಿದ್ದ ಉತ್ತರ ಇದು. ಮೊಳೆಯ ವಿಚಾರ, ನೆಲದ ವಿಚಾರ, ಆಷಾಢದ ವಿಚಾರ ಎಲ್ಲ ನಿಧಾನವಾಗಿ ಹೇಳಿದಳು. ಕೊನೆಗೆ, ನನಗೂ ಹಾಗೇ ಕಾಣ್ತಿದೆ ಅಮ್ಮ, ಅವರು ಇಲ್ಲ ಎಂದಳು.

ಮುನಿಕೃಷ್ಣಮ್ಮ ಅಳಲಿಲ್ಲ. ಕಂಬ ಹಿಡಿದು ಒಳಗೆ ಬಂದಳು. ಮೊಳೆ ಎಲ್ಲಿ ಎಂದು ಯಾರನ್ನೂ ಕೇಳಲಿಲ್ಲ. ರಮಾ, ವಿರೂಪಾಕ್ಷ ಇಬ್ಬರೂ ಅಡ್ಡ ನಿಂತಿದ್ದರು. ಅವರನ್ನು ಬಳಸಿಕೊಂಡು ನೇರವಾಗಿ ಹೋಗಿ ಆ ಜಾಗದ ಮುಂದೆ ಕೂತಳು. ಬಲಗೈ ಹಣೆಗೆ ಹೋಯಿತು. ಬೆರಳು ಕುಂಕುಮದ ಹತ್ತಿರ ಹೋಗಿ, ಮುಟ್ಟದೆ, ತಿರುಗಿ ಮಡಿಲಿಗೆ ಬಂತು.

"ಆಗಾಕಿಲ್ಲ ಕಣಪ್ಪಾ," ಎಂದಳು. "ನೀವೆಲ್ಲಾ ಸೇರಿ ಅವ್ರನ್ನ ಸಾಯಿಸ್ಬೇಡಿ."

ಮುನಿರಾಜು ಸಮಾಧಾನ ಹೇಳಲು ಬಗ್ಗಿದ. ಮೊಳೆ ಇಲ್ಲೇ ಕಾಣುತ್ತಿದೆಯಲ್ಲ ಅತ್ತಿಗೆ, ಅವ್ವ ಸುಮ್ಮಸುಮ್ಮನೆ ಹೊಡೆಯುತ್ತಾಳಾ ಎಂದ.

"ಅತ್ತೆ ಬಡ್ದಿದ್ದಲ್ಲ. ಅತ್ತೆ ಪಂಚಾಂಗ ಕೇಳ್ಕಂಡ್ ಬಂದ್ರು. ಬಡ್ದಿದ್ದು ನಾನು."

ಬಾಗಿಲಲ್ಲಿ ಜಹೀರ್ ತನ್ನ ಆಳುಗಳಿಗೆ ಹೊರಗೆ ಹೋಗಿ ಎಂದು ಕೈ ಮಾಡಿದ.

ಯಾರಿಗಾಗಿ ಎಂದು ರಮಾ ಕೇಳಬೇಕಿತ್ತು. ಆದರೆ ಅವಳ ಬಾಯಿಂದ ಬಂದದ್ದು ಬೇರೆ. "ನಿಮ್ಮ ಯಜಮಾನರು ಸತ್ತಾಗ ನೀವು ಇಲ್ಲೇ ಇದ್ದಿರಾ?"

ಮುನಿಕೃಷ್ಣಮ್ಮ ತಲೆಯೆತ್ತಿದಳು. ಇಷ್ಟು ಓದಿದವಳಿಗೆ ಇಷ್ಟೂ ತಿಳಿಯಲಿಲ್ಲವಲ್ಲ ಎನ್ನುವಂತೆ ನೋಡಿದಳು.

"ಅವ್ರ್ಯಾಕಮ್ಮ ಸಾಯ್ತಾರೆ. ಅವತ್ತು ಕರೆಂಟ್ ಇರ್ಲಿಲ್ಲ. ನಾನು ಮೊಳೆ ಬಡೀವಾಗ ಅವ್ರೇ ಇಲ್ಲಿ, ನೀವ್ ನಿಂತಿದೀರಲ್ಲ ಅಲ್ಲೇ ಕುಂತು, ಟಾರ್ಚ್ ಇಡ್ಕಂಡಿದ್ರು."